ಬೋರ್ಡಿನಲ್ಲೇ ಇದೆ, ಹೊರಗೆ ತರಬೇಕಷ್ಟೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿ ಡಿಜಿಟಲ್ ಆಡಿಯೊ ಸಾಕೆಟ್ ಕಾಣದಿದ್ದರೆ ಆ ಸೌಲಭ್ಯವೇ ಇಲ್ಲವೆಂದು ತಿಳಿಯಬೇಕಿಲ್ಲ. ಎಷ್ಟೋ ಮದರ್‌ಬೋರ್ಡುಗಳ ಮೇಲೆ ‘ಎಸ್‌ಪಿಡಿಐಎಫ್ ಔಟ್’ ಎಂದು ಅಚ್ಚಾದ ಕೆಲವು ಪಿನ್ನುಗಳು ಯಾರ ಕಣ್ಣಿಗೂ ಬೀಳದೆ ನಿಂತಿರುತ್ತವೆ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಹೆಸರು ಹೊತ್ತ ಈ ಪದ್ಧತಿಯಲ್ಲಿ ಧ್ವನಿ ಅಂಕೆಗಳ ರೂಪದಲ್ಲೇ ಹೊರಬರುತ್ತದೆ. ಅದಕ್ಕೆ ಬೇಕಾದ ಕಷ್ಟದ ಕೆಲಸವನ್ನೆಲ್ಲ ಆಡಿಯೊ ಚಿಪ್ ಮುಗಿಸಿರುತ್ತದೆ. ತಯಾರಕರು ಉಳಿಸಿಕೊಂಡದ್ದು ಸಾಕೆಟ್ಟಿನ ಖರ್ಚನ್ನು ಮಾತ್ರ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್, ಒಂದು ಆರ್‌ಸಿಎ ಸಾಕೆಟ್ ಇದ್ದರೆ ಆ ಕೊರತೆ ನೀಗುತ್ತದೆ. ಮನೆಯಲ್ಲಿ ಬೆಸೆದದ್ದು ಎಂಬ ಕಾರಣಕ್ಕೆ ಇದನ್ನು ಕಳಪೆ ಎನ್ನುವುದು ನ್ಯಾಯವಲ್ಲ.

ಏಕೆಂದರೆ ಈ ಸಂಕೇತ ಒರಟು ದಾರಿಯನ್ನು ತಾಳಿಕೊಳ್ಳುವಂತೆಯೇ ರೂಪುಗೊಂಡಿದೆ. ಸಿ.ಡಿ.ಯ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಎಡಕ್ಕೂ ಬಲಕ್ಕೂ ತಲಾ 32 ಬಿಟ್‌ಗಳ ಜಾಗ ಕೊಟ್ಟರೆ ಸೆಕೆಂಡಿಗೆ 28,22,400 ಬಿಟ್‌ಗಳಾದವು. ಪ್ರತಿ ಬಿಟ್ ಶುರುವಾಗುವಾಗ ವೋಲ್ಟೇಜ್ ಒಮ್ಮೆ ಮಗ್ಗುಲು ಬದಲಿಸುತ್ತದೆ. ಬಿಟ್ ‘ಒಂದು’ ಆಗಿದ್ದರೆ ನಡುವೆ ಮತ್ತೊಮ್ಮೆ. ಹೀಗಾಗಿ ಕೇಳುವ ಯಂತ್ರ ವೋಲ್ಟೇಜ್ ಎಷ್ಟೆಂದು ಅಳೆಯಬೇಕಿಲ್ಲ, ಅದು ಯಾವಾಗ ಬದಲಾಯಿತು ಎಂದಷ್ಟೇ ಗಮನಿಸಿದರೆ ಸಾಕು. ತಾಳ ಹಾಕುವ ಗಡಿಯಾರವೂ ಅದೇ ತಂತಿಯಲ್ಲಿ ಬರುತ್ತದೆ. ತಂತಿಗಳೆರಡು ಅದಲುಬದಲಾಗಿ ಅಲೆ ತಲೆಕೆಳಗಾದರೂ ಅರ್ಥ ಕೆಡದು. ಉಳಿದದ್ದು ವೋಲ್ಟೇಜ್ ಇಳಿಸುವ ಕೆಲಸ. ಪಿನ್ನಿನಲ್ಲಿ 5 ವೋಲ್ಟಿನ ಏರಿಳಿತವಿದ್ದರೆ ಆಂಪ್ಲಿಫೈಯರ್‌ಗೆ ಬೇಕಾದದ್ದು ಅರ್ಧ ವೋಲ್ಟ್, ಅದೂ 75 ಓಮ್‌ನ ಕೇಬಲ್ಲಿನಲ್ಲಿ. ಸಂಕೇತದ ದಾರಿಯಲ್ಲಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಬಳಿಕ 374 ಓಮ್, ಅಲ್ಲಿಂದ ಗ್ರೌಂಡಿಗೆ 90.9 ಓಮ್ ಇಟ್ಟರೆ ಎರಡು ಲೆಕ್ಕವೂ ಒಟ್ಟಿಗೆ ಕೂಡಿಬರುತ್ತದೆ. ಪಿನ್ನಿನಲ್ಲಿ 3.3 ವೋಲ್ಟ್ ಇರುವ ಬೋರ್ಡಿಗೆ 240 ಮತ್ತು 110 ಓಮ್ ಹೊಂದುತ್ತವೆ. ಕೇಬಲ್ಲಿಗಂತೂ ದುಡ್ಡು ಸುರಿಯಬೇಕಿಲ್ಲ, ಡಿಶ್ ಟಿ.ವಿ.ಯ ಕೇಬಲ್ ಕೂಡ 75 ಓಮ್‌ನದೇ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಬಿಟ್‌ಗಳು ಸರಿಯಾಗಿ ತಲುಪಿದರೂ ಅವು ಬರುವ ಕ್ಷಣ ಅತ್ತಿತ್ತ ಜಾರಿದರೆ, ಅಂದರೆ ಜಿಟರ್ ಆದರೆ, ಧ್ವನಿ ಕೆಡುತ್ತದೆ ಎಂಬುದು ಮೊದಲನೆಯದು. ಮಾತು ಸುಳ್ಳಲ್ಲ, ಕ್ರಿಸ್ ಡನ್ ಮತ್ತು ಮಾಲ್ಕಮ್ ಹಾಕ್ಸ್‌ಫರ್ಡ್ 1992ರಲ್ಲೇ ಇದನ್ನು ವಿಶ್ಲೇಷಿಸಿದ್ದರು. ಆದರೆ ಗಡಿಯಾರವನ್ನೂ ಮಾಹಿತಿಯನ್ನೂ ಒಂದೇ ತಂತಿಗೆ ಕಟ್ಟಿದ ಪದ್ಧತಿಯದೇ ದೋಷವದು. ದುಬಾರಿ ಸಾಕೆಟ್ ಪಟ್ಟಿ ಕೊಂಡು ತಂದರೂ ಅದು ಜೊತೆಗೇ ಬರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಆಂಪ್ಲಿಫೈಯರ್‌ನೊಳಗಿನ ಗ್ರಾಹಕ ಚಿಪ್ಪಿನ ಹೊಣೆ. ಕಂಪ್ಯೂಟರಿನ ಗ್ರೌಂಡ್ ತಂತಿಯ ಮೂಲಕ ಆಂಪ್ಲಿಫೈಯರ್‌ಗೆ ಸೇರಿ ಗುಂಯ್‌ಗುಡಬಹುದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹಾಗಾದಲ್ಲಿ ನಡುವೆ ಪುಟ್ಟ ಪಲ್ಸ್ ಟ್ರಾನ್ಸ್‌ಫಾರ್ಮರ್ ಇಡಬೇಕು, ಇಲ್ಲವೆ ತೊಶಿಬಾ 1983ರಲ್ಲಿ ತಂದ ಟಾಸ್‌ಲಿಂಕ್‌ನತ್ತ ಹೊರಳಬೇಕು. ಅದರಲ್ಲಿ ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕಷ್ಟೇ ಹರಿಯುತ್ತದೆ, ಗ್ರೌಂಡ್ ದಾಟಲು ದಾರಿಯೇ ಇಲ್ಲ.

ಅಂಕೆಗಳನ್ನು ಧ್ವನಿಯಾಗಿಸುವ ಯುಎಸ್‌ಬಿ ಡ್ಯಾಕ್ ಸಿಗುವ ಕಾಲದಲ್ಲಿ ಈ ಉಸಾಬರಿ ಏಕೆ ಎಂದರೆ, ಹೊಸದಾಗಿ ಕೊಳ್ಳುವವರಿಗೆ ಅದೇ ಸರಿ. ಆದರೆ ಹಳೆಯ ಹೋಮ್ ಥಿಯೇಟರ್ ಆಂಪ್ಲಿಫೈಯರ್‌ಗೆ ಯುಎಸ್‌ಬಿ ಗೊತ್ತಿಲ್ಲ. ಈ ಸಾಕೆಟ್ಟಿನಿಂದ ಡಿ.ವಿ.ಡಿ.ಯ ಡಾಲ್ಬಿ 5.1 ಧ್ವನಿಯೂ ಅದಕ್ಕೆ ತಲುಪುತ್ತದೆ. ಸಾಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವ ಮುನ್ನ ಬೋರ್ಡಿನ ಕೈಪಿಡಿಯಲ್ಲಿ ಪಿನ್ನುಗಳ ಚಿತ್ರ ನೋಡಿ. ಅನೇಕ ಬೋರ್ಡುಗಳಲ್ಲಿ ಅದೇ ಸಾಲಿನಲ್ಲಿ 5 ವೋಲ್ಟ್ ಪೂರೈಕೆಯ ಪಿನ್ನೂ ಇರುತ್ತದೆ, ಅದು ಗ್ರೌಂಡಿಗೆ ತಗುಲಿದರೆ ಬೋರ್ಡೇ ಹೋಗಬಹುದು.