ಹಳೆ ಗಾಡಿ, ದೂರದ ದಾರಿ



ದೂರದ ಊರಿಗೆ ಹೊರಟು ನಿಂತ ಲಾರಿಯನ್ನು ನಾವೆಲ್ಲರೂ ನೋಡಿದ್ದೇವೆ. ಮುಂದಿನ ಗಾಜಿಗೆ ಹೂವಿನ ಹಾರ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮತ್ತು ಮೆಣಸಿನಕಾಯಿ, ಹಿಂಬದಿಯಲ್ಲಿ ‘ತಾಯಿಯ ಆಶೀರ್ವಾದ’ ಎಂಬ ಬಣ್ಣದ ಬರಹ. ಆದರೆ ಅದು ಹೊರಡುವ ಹಿಂದಿನ ದಿನ ಯಾರಾದರೂ ಅದರ ಕೆಳಗೆ ಮಲಗಿ ನೋಡಿದರೇ? ನೋಡಿದವರು ಏನು ಕಂಡರು? ಕಂಡದ್ದನ್ನು ಕೇಳಿ ಮನೆಯವರು ಏನು ತೀರ್ಮಾನ ಮಾಡಿದರು? ದಾರಿಯ ಸುಖದುಃಖ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳಲ್ಲಿಯೇ ಇದೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಒಂದು ದಿನ ಇಂಥ ತಯಾರಿಯನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ಸಿಕ್ಕಿತು. ಅಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಗಡಿಯ ನಾಡು

ಜತ್ತ ಬರದ ಸೀಮೆ. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ತಾಲ್ಲೂಕಿನ ಪೂರ್ವ ಭಾಗದಲ್ಲಿ, ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ. ಮಕ್ಕಳಿಗೆ ಕನ್ನಡ ಶಾಲೆಗಳೂ ಇವೆ. ದಾನಮ್ಮದೇವಿಯ ಗುಡ್ಡಾಪುರಕ್ಕೆ ಕರ್ನಾಟಕದಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ನೀರು ಕಡಿಮೆ ಇರುವ ಈ ನೆಲದಲ್ಲಿ ರೈತರು ದ್ರಾಕ್ಷಿ ಮತ್ತು ದಾಳಿಂಬೆಯನ್ನು ನಂಬಿದ್ದಾರೆ. ಹಣ್ಣು ಬೆಳೆದರೆ ಸಾಲದು, ಅದು ಕೆಡುವ ಮೊದಲು ಪೇಟೆ ಸೇರಬೇಕು. ಆದ್ದರಿಂದ ಇಲ್ಲಿ ಲಾರಿಯೂ ಬೇಸಾಯದ ಒಂದು ಭಾಗ. ಬರಗಾಲ ಬಂದರೆ ಹಳೆಯ ಲಾರಿಯ ಮೇಲೆ ಟಾಕಿ ಕೂರಿಸಿ ಹಳ್ಳಿಗಳಿಗೆ ನೀರು ಸಾಗಿಸುವುದೂ ಉಂಟು.

ಜತ್ತದಿಂದ ವಿಜಯಪುರಕ್ಕೆ ಸುಮಾರು 65 ಕಿ.ಮೀ. ಸ್ವಂತ ಜಿಲ್ಲಾ ಕೇಂದ್ರವಾದ ಸಾಂಗ್ಲಿ ಅದಕ್ಕಿಂತ ದೂರ. ಆದರೆ ಹತ್ತಿರದ ವಿಜಯಪುರ ಇನ್ನೊಂದು ರಾಜ್ಯದಲ್ಲಿದೆ. ಹೀಗಾಗಿ ಇಲ್ಲಿನ ಲಾರಿಯವರಿಗೆ ಪಕ್ಕದ ಪೇಟೆಗೆ ಹೋಗುವುದೂ ಅಂತರರಾಜ್ಯ ಪ್ರಯಾಣವೇ.

ನಾವು ನೋಡಿದ ಗಾಡಿಗೆ ಹನ್ನೊಂದು ವರ್ಷ ತುಂಬಿತ್ತು. ಆರು ಚಕ್ರದ್ದು. ಒಡೆಯರೇ ಚಾಲಕರು, ವಯಸ್ಸು ಐವತ್ತರ ಹತ್ತಿರ. ಹೊರಡಬೇಕಾಗಿದ್ದದ್ದು ಬೆಂಗಳೂರಿಗೆ. ವಿಜಯಪುರ, ಹೊಸಪೇಟೆ, ಚಿತ್ರದುರ್ಗದ ಮೇಲೆ ಸುಮಾರು 600 ಕಿ.ಮೀ. ದಾಳಿಂಬೆ ಕಿತ್ತು ಪೆಟ್ಟಿಗೆಗೆ ತುಂಬುವ ಕೆಲಸ ತೋಟದಲ್ಲಿ ನಡೆದಿತ್ತು. ವ್ಯಾಪಾರಿಯ ಫೋನು ಮೇಲಿಂದ ಮೇಲೆ ಬರುತ್ತಿತ್ತು.

“ಮಾಲು ನಿಂತೈತ್ರಿ, ಸಂಜಿಗೆ ಬಿಡಲೇಬೇಕು” ಎಂದರು ಅವರು.

ಗ್ಯಾರೇಜಿನಲ್ಲಿ ಕಂಡದ್ದು

ಗಾಡಿಯ ಕೆಳಗಿದ್ದ ಮಿಸ್ತ್ರಿ ಇಪ್ಪತ್ತೈದರ ತರುಣ. ಹಿಂದಿನ ಚಕ್ರ ಬಿಚ್ಚಿ, ಡ್ರಮ್ಮು ತೆಗೆದು ಕರೆದ. “ಕಾಕಾ, ಈ ಲೈನಿಂಗ್ ನೋಡ್ರಿ. ರಿವೆಟ್ಟಿಗೆ ಬಂದೈತಿ. ಇದರ ಮ್ಯಾಲ ಲೋಡ್ ಹಾಕ್ಕೊಂಡು ಬೆಂಗಳೂರಿಗೆ ಹೊಕ್ಕೀರೇನು?”

“ನಿನ್ನೆ ಸಂಖದಿಂದ ಬಂದೀನೋ ತಮ್ಮಾ, ಬ್ರೇಕ್ ಛಲೋ ಹಿಡದೈತಿ.”

“ನಿನ್ನೆ ಗಾಡಿ ಖಾಲಿ ಇತ್ತಲ್ರಿ.”

ಈ ಒಂದು ಮಾತಿನಲ್ಲಿ ದೊಡ್ಡ ಪಾಠವಿದೆ. ಹಳೆಯ ಗಾಡಿ ಖಾಲಿ ಇದ್ದಾಗ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ಒಂಬತ್ತು ಹತ್ತು ಟನ್ ಹೇರಿದ ಮೇಲೆ ಅದೇ ಬ್ರೇಕಿನ ಶಕ್ತಿ ಬೇರೆ. ಲೈನಿಂಗ್ ಸವೆದು ರಿವೆಟ್ಟಿನ ತಲೆ ಹೊರಬಂದರೆ ಅದು ಡ್ರಮ್ಮನ್ನೇ ಕೊರೆಯುತ್ತದೆ, ಹಿಡಿತ ಹೋಗುತ್ತದೆ. ಅದೇ ಬದಿಯ ಪಾಟಾದ ಒಂದು ಪಟ್ಟಿಯಲ್ಲಿಯೂ ಸಣ್ಣ ಬಿರುಕು ಕಂಡಿತು. ಸಾಮಾನು ವಿಜಯಪುರದಿಂದ ಬರಬೇಕು. ಕೆಲಸ ಮುಗಿಯುವುದು ಮರುದಿನ ಮಧ್ಯಾಹ್ನ.

ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಬಾಡಿಗೆ ಹೋಗುತ್ತದೆ, ವ್ಯಾಪಾರಿ ಮುಂದೆ ಕರೆಯುತ್ತಾನೋ ಇಲ್ಲವೋ, ಬ್ಯಾಂಕಿನ ಕಂತು ಬೇರೆ. ಕೊನೆಗೆ ಮನೆಗೆ ಫೋನು ಮಾಡಿದರು. ಹೆಂಡತಿಯ ಉತ್ತರವನ್ನು ನಮಗೂ ಹೇಳಿದರು: “ಬಾಡಿಗಿ ಹೋತು ಅಂತ ನಾ ಏನೂ ಅನ್ನಂಗಿಲ್ರಿ. ಅವಸರ ಮಾಡಬ್ಯಾಡ್ರಿ.”

ಆ ದಾಳಿಂಬೆ ಬೇರೆ ಗಾಡಿಯಲ್ಲಿ ಹೋಯಿತು. ಇವರು ಹೊರಟದ್ದು ಎರಡು ದಿನಗಳ ಮೇಲೆ, ಕಡಿಮೆ ಬಾಡಿಗೆಯ ಬೇರೊಂದು ಲೋಡಿನೊಂದಿಗೆ.

ಆ ಸಂಜೆಯೇ ಹೊರಟಿದ್ದರೆ ಏನಾಗುತ್ತಿತ್ತು? ಯಾರಿಗೂ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದಿತ್ತು. ತಯಾರಿಯ ಕಷ್ಟ ಇರುವುದು ಇಲ್ಲಿಯೇ. ಅದರಿಂದಾಗುವ ನಷ್ಟ ಕೈಯಲ್ಲಿ ಎಣಿಸುವಂತಿರುತ್ತದೆ. ಲಾಭ ಮಾತ್ರ ಕಣ್ಣಿಗೆ ಕಾಣುವುದೇ ಇಲ್ಲ. ತಪ್ಪಿದ ಅಪಘಾತವನ್ನು ಯಾರೂ ನೋಡಿದವರಿಲ್ಲ. ಆದ್ದರಿಂದಲೇ ಚಾಲಕನೊಬ್ಬನೇ ಈ ನಷ್ಟವನ್ನು ಹೊರಲಾರ. ಮನೆಯವರು ಅದನ್ನು ಹಂಚಿಕೊಳ್ಳಬೇಕು.

ನೋಡಬೇಕಾದ್ದು ಏನೇನು?

ಮೊದಲು ಟೈರು. ಲಾರಿಯ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ರಸ್ತೆಗೆ ಯೋಗ್ಯವಲ್ಲವೆಂದು ನಿಯಮವೇ ಹೇಳುತ್ತದೆ. ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ನೋಡಬೇಕು. ಓಡಿ ಬಿಸಿಯಾದ ಟೈರಿನ ಲೆಕ್ಕ ತಪ್ಪು ತೋರಿಸುತ್ತದೆ. ಹಿಂದಿನ ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿದೆಯೇ, ಒಳಗಿನ ಟೈರಿನಲ್ಲಿ ಗಾಳಿ ಇಳಿದಿದೆಯೇ ಎಂಬುದನ್ನು ಬಗ್ಗಿ ನೋಡದ ಹೊರತು ತಿಳಿಯದು. ಸ್ಟೆಪ್ನಿ ಇದ್ದರೆ ಸಾಲದು, ಅದರಲ್ಲಿಯೂ ಗಾಳಿ ಇರಬೇಕು. ಜಾಕು ಲೋಡ್ ಗಾಡಿಯನ್ನು ಎತ್ತುವಂಥದ್ದಾಗಿರಬೇಕು.

ಎರಡನೆಯದು ಗಾಳಿಯ ಬ್ರೇಕು. ಗಾಳಿಯ ಟಾಕಿಯಲ್ಲಿ ಸೇರುವ ನೀರನ್ನು ಪ್ರತಿದಿನ ಬಿಟ್ಟು ತೆಗೆಯಬೇಕು. ಎಂಜಿನ್ ನಿಲ್ಲಿಸಿ, ಬ್ರೇಕ್ ತುಳಿದು ಹಿಡಿದು, ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಆಮೇಲೆ ಎಂಜಿನ್ ಆಯಿಲ್, ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟು, ಹೋಸ್ ಪೈಪು. ಹಳೆಯ ರಬ್ಬರು ಹೊರಗೆ ಚೆನ್ನಾಗಿ ಕಂಡರೂ ಬೆರಳಿನಿಂದ ಒತ್ತಿದರೆ ಬಿರಿಯುತ್ತದೆ. ಒಂದು ಬೆಲ್ಟು, ಒಂದು ಹೋಸು, ನಾಲ್ಕು ಬಲ್ಬು, ಒಂದಿಷ್ಟು ಫ್ಯೂಸು ಜೊತೆಯಲ್ಲಿದ್ದರೆ ಮಧ್ಯರಾತ್ರಿ ಹೆದ್ದಾರಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ನಿಂತರೂ ಹೇಗೆ ನಿಲ್ಲಬೇಕೆಂಬುದು ಮುಖ್ಯ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಗುದ್ದಿ ಎಷ್ಟೋ ಮನೆಗಳು ಅನಾಥವಾಗಿವೆ. ಹಿಂಬದಿಯ ಹೊಳೆಯುವ ಪಟ್ಟಿಯ ಮೇಲಿನ ಧೂಳನ್ನು ಒರೆಸುವುದಕ್ಕೆ ಖರ್ಚೇನೂ ಇಲ್ಲ. ಎಚ್ಚರಿಕೆಯ ತ್ರಿಕೋನ ಗಾಡಿಯಲ್ಲಿರಲಿ. ಗಾಡಿಯ ಹಿಂದೆ ಕಲ್ಲಿಟ್ಟು, ಹೋಗುವಾಗ ಅಲ್ಲಿಯೇ ಬಿಟ್ಟು ಹೋಗುವ ರೂಢಿ ನಮ್ಮಲ್ಲಿದೆ. ನಮ್ಮನ್ನು ಕಾಯ್ದ ಕಲ್ಲು ಮುಂದೆ ಬರುವ ಬೈಕಿನವನನ್ನು ಕೊಲ್ಲಬಾರದು.

ಹೊರೆ ಎಷ್ಟು?

ಆರ್‌ಸಿಯಲ್ಲಿ ಬರೆದ ಭಾರವೇ ಹಳೆಯ ಗಾಡಿಯ ಮಿತಿ. ಮೀರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಆದರೆ ದಂಡಕ್ಕಿಂತ ದೊಡ್ಡ ವಿಷಯ ಜನರದ್ದು. ದೀಪಾವಳಿ ಮುಗಿಯುತ್ತಲೇ ಜತ್ತದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಪಾತ್ರೆ, ಹಾಸಿಗೆ, ಕೂಸುಗಳೊಂದಿಗೆ ಟ್ರಕ್ಕು, ಟ್ರ್ಯಾಕ್ಟರುಗಳನ್ನು ಹತ್ತುತ್ತವೆ. 2017ರ ಅಕ್ಟೋಬರ್‌ನಲ್ಲಿ ಇದೇ ಸಾಂಗ್ಲಿ ಜಿಲ್ಲೆಯ ತಾಸಗಾಂವ ತಾಲ್ಲೂಕಿನಲ್ಲಿ ಫರ್ಶಿ ತುಂಬಿದ ಲಾರಿ ಮಗುಚಿ, ಅದರಲ್ಲಿದ್ದ ಕೂಲಿಕಾರರಲ್ಲಿ 10 ಮಂದಿ ಪ್ರಾಣ ಕಳೆದುಕೊಂಡರು. ಮಾಲಿನ ಮೇಲೆ ಮನುಷ್ಯರನ್ನು ಕೂರಿಸಬಾರದೆಂಬ ಕಾನೂನು ಸುಮ್ಮನೆ ಬಂದದ್ದಲ್ಲ. ಗಾಡಿ ಮಗುಚಿದಾಗ ಮಾಲಿಗೂ ಮನುಷ್ಯರಿಗೂ ಭೇದವಿರುವುದಿಲ್ಲ.

ಕಾಗದಪತ್ರ

ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಎರಡು ಆ್ಯಕ್ಸಲಿನ ಗಾಡಿಗೆ ಹನ್ನೆರಡು ವರ್ಷ ದಾಟಿದರೆ, ಅದಕ್ಕಿಂತ ಹೆಚ್ಚು ಆ್ಯಕ್ಸಲಿನದಕ್ಕೆ ಹದಿನೈದು ದಾಟಿದರೆ, ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ನಾವು ನೋಡಿದ ಗಾಡಿಗೆ ಉಳಿದಿದ್ದದ್ದು ಒಂದೇ ವರ್ಷ. ಆಮೇಲೆ ಅದು ಆ ಪರ್ಮಿಟ್ಟಿನ ಮೇಲೆ 65 ಕಿ.ಮೀ. ದೂರದ ವಿಜಯಪುರಕ್ಕೂ ಹೋಗುವಂತಿಲ್ಲ. ಗಡಿಯ ಚಾಲಕರಿಗೆ ಈ ನಿಯಮದ ಬಿಸಿ ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ವಿಮೆ, ತೆರಿಗೆ, ಹೊಗೆ ತಪಾಸಣೆಯ ಪತ್ರ, ಚಾಲನಾ ಪರವಾನಗಿ, ಫಾಸ್ಟ್ಯಾಗಿನಲ್ಲಿ ಹಣ, ಇವೆಲ್ಲವನ್ನೂ ತಾರೀಖು ಸಹಿತ ನೋಡಬೇಕು. ತಾಜಾ ಹಣ್ಣಿಗೆ ಇ-ವೇ ಬಿಲ್ ಬೇಕಿಲ್ಲ. ಆದರೆ ವ್ಯಾಪಾರಿಯ ಒಣದ್ರಾಕ್ಷಿಯನ್ನು ರಾಜ್ಯದ ಹೊರಗೆ ಒಯ್ಯುವಾಗ, ಅದರ ಬೆಲೆ 50,000 ರೂಪಾಯಿ ಮೀರಿದರೆ ಬೇಕೇ ಬೇಕು. ಫಿಟ್‌ನೆಸ್ಸೋ ಪರ್ಮಿಟ್ಟೋ ಮುಗಿದಿದ್ದರೆ ಅಪಘಾತದ ನಂತರ ವಿಮೆಯವರು ತಕರಾರು ತೆಗೆಯಲು ದಾರಿಯಾಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಎಲ್ಲಕ್ಕಿಂತ ಹಳೆಯ ಭಾಗ

ಗಾಡಿಗೆ ಹನ್ನೊಂದು ವರ್ಷವಾದರೆ ಅದರ ಚಾಲಕನಿಗೆ ಐವತ್ತು. ಅವನ ತಪಾಸಣೆ ಯಾವಾಗ? 600 ಕಿ.ಮೀ. ದಾರಿಯನ್ನು ಗಂಟೆಗೆ 40ರಂತೆ ಎಣಿಸಿದರೂ 15 ಗಂಟೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಐದು ಗಂಟೆಯ ಕೆಲಸವಾದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತಿತ್ತು. ಅಂದರೆ ಬೆಂಗಳೂರಿನ ದಾರಿಗೆ ಇಬ್ಬರು ಚಾಲಕರು ಬೇಕು, ಇಲ್ಲವೇ ಎರಡು ದಿನ ಬೇಕು. ಸ್ವಂತ ಗಾಡಿ ಓಡಿಸುವವನಿಗೆ ಹೇಳುವವರು ಯಾರೂ ಇರುವುದಿಲ್ಲ. ಅವನೇ ಒಡೆಯ, ಅವನೇ ಆಳು.

ನಸುಕಿನ ಎರಡರಿಂದ ಐದರ ವೇಳೆ ನಿದ್ರೆ ಬಲವಾಗಿ ಎಳೆಯುವ ಹೊತ್ತು. ಚಹಾ, ತಂಬಾಕು ಕಣ್ಣನ್ನು ತೆರೆದಿಡಬಹುದು, ಬುದ್ಧಿಯನ್ನು ಎಚ್ಚರವಾಗಿಡಲಾರವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಹಳೆಯ ಗಾಡಿಯವನಿಗೆ ಎಂಜಿನ್ನಿನ ಕಾವು, ಬಿಸಿಲಿನ ಕಾವು ಎರಡೂ ತಪ್ಪಿಲ್ಲ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಪೂರ್ತಿ ನಿದ್ರೆ ಮಾಡುವುದೂ ತಯಾರಿಯೇ. ಆ ರಾತ್ರಿ ಸಾಲದ ಮಾತು, ಜಗಳ ಬೇಡ. ಕಣ್ಣು, ಸಕ್ಕರೆ, ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯಾದರೂ ತೋರಿಸಲಿ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಪ್ರತಿಯೊಂದು ಅಂಕಿಯ ಹಿಂದೆ ಕಾಯುತ್ತಾ ಕುಳಿತಿದ್ದ ಒಂದು ಮನೆ ಇತ್ತು.

ಮನೆಯವರ ಪಾಲು

ಖಂಡೇನವಮಿಯಂದು ಗಾಡಿಗೆ ಪೂಜೆ ಮಾಡುವವರಿದ್ದಾರೆ. ಹೊಸ ವಾಹನ ಬಂದಾಗ ಆಶೀರ್ವದಿಸಲು ನಮ್ಮನ್ನು ಕರೆಯುವವರೂ ಇದ್ದಾರೆ, ನಾವು ಸಂತೋಷದಿಂದ ಹೋಗುತ್ತೇವೆ. ಆದರೆ ಸವೆದ ಲೈನಿಂಗನ್ನು ಬದಲಿಸುವ ಕೆಲಸವನ್ನು ದೇವರು ನಮ್ಮ ಕೈಗೇ ಬಿಟ್ಟಿದ್ದಾನೆ.

ಅಪಘಾತ ವಿಮೆಯ ಬಗ್ಗೆಯೂ ಒಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವಯಸ್ಸಿನವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸಾವು ಸಂಭವಿಸಿದಾಗ ಮನೆಯವರಿಗೆ ಎರಡು ಲಕ್ಷ ರೂಪಾಯಿ ದೊರೆಯುತ್ತದೆ. ಬ್ಯಾಂಕಿನಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ ಸಾಕು. ಹಾಗೆ ಬರೆದುಕೊಟ್ಟ ಸಂಗತಿ ಹೆಂಡತಿಗೂ ತಿಳಿದಿರಬೇಕು.

ನಾವು ನೋಡಿದ ಮನೆಯಲ್ಲಿ ಏಳನೆಯ ತರಗತಿಯ ಮಗಳೊಬ್ಬಳಿದ್ದಳು. ಅಪ್ಪ ಮತ್ತು ಮಿಸ್ತ್ರಿ ಹೇಳಿದ್ದನ್ನು ಅವಳು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಆ ಹಾಳೆಯನ್ನು ಕ್ಯಾಬಿನ್ನಿನೊಳಗೆ ಅಂಟಿಸಿದರು, ಇನ್ನೊಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲಿದೆ. ಹೊರಡುವ ದಿನ ಅವಳು ಓದುತ್ತಾ ಹೋಗಬೇಕು, ಅಪ್ಪ ಒಂದೊಂದಕ್ಕೂ ‘ಹೂಂ’ ಎನ್ನಬೇಕು. ಪಟ್ಟಿ ಮುಗಿಯುವವರೆಗೆ ಕೀಲಿ ಅವಳ ಕೈಯಲ್ಲಿಯೇ. ನಿಮ್ಮ ಮನೆಯಲ್ಲಿ ಲಾರಿ, ಟೆಂಪೊ, ಜೀಪು ಯಾವುದೇ ಇರಲಿ, ಈ ಪಟ್ಟಿ ಉಪಯೋಗಕ್ಕೆ ಬಂದೀತು:

1. ಟೈರು, ಸ್ಟೆಪ್ನಿ, ಗಾಳಿ, ಚಕ್ರದ ನಟ್ಟು
2. ಬ್ರೇಕು, ಗಾಳಿಯ ಟಾಕಿಯ ನೀರು
3. ಆಯಿಲ್, ನೀರು, ಬೆಲ್ಟು, ಹೋಸು
4. ದೀಪ, ಹಾರ್ನು, ವೈಪರು, ಹೊಳೆಯುವ ಪಟ್ಟಿ
5. ಪಾಟಾ, ಹಗ್ಗ, ತಾಡಪತ್ರಿ
6. ಜಾಕು, ಪಾನಾ, ಬ್ಯಾಟರಿ, ತ್ರಿಕೋನ
7. ಕಾಗದಪತ್ರ, ಅದರ ತಾರೀಖು
8. ಕುಡಿಯುವ ನೀರು, ಬುತ್ತಿ, ಔಷಧಿ
9. ಸಹಾಯಕ್ಕೆ ಫೋನು: ಹೆದ್ದಾರಿಗೆ 1033, ಎಲ್ಲ ಆಪತ್ತಿಗೂ 112
10. ಅಪ್ಪ ನಿನ್ನೆ ರಾತ್ರಿ ನಿದ್ದಿ ಮಾಡ್ಯಾನೋ ಇಲ್ಲೋ?

ಹತ್ತನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಬರೆದದ್ದು.