ಹನ್ನೆರಡು ದಿನದಲ್ಲಿ ಮೂರು ಬಗೆಯ ಊಟ

ಮೈಸೂರು ಜಿಲ್ಲೆಯ ಹಾರನಹಳ್ಳಿಗೆ ಸಮುದ್ರ ದೂರ. ಪಿರಿಯಾಪಟ್ಟಣ, ಹುಣಸೂರು ಕಡೆಯ ಅಡುಗೆಮನೆಗೆ ಸೀಗಡಿ ಹಿಂದಿನಿಂದಲೂ ಬಂದದ್ದು ಒಣಗಿಯೇ. ಹುರಿದು, ತಲೆ ಬಾಲ ಚಿವುಟಿ, ಬದನೆಕಾಯಿ ಜೊತೆ ಸಾರಿಗೆ ಹಾಕುತ್ತಾರೆ. ಈಗೀಗ ಐಸಿನಲ್ಲಿಟ್ಟ ಹಸಿ ಸೀಗಡಿಯೂ ಸಿಗುತ್ತದೆ. ಅದನ್ನು ಬಿಡಿಸಿದವರಿಗೆ ಬೆನ್ನಿನುದ್ದಕ್ಕೂ ಇರುವ ಕಪ್ಪು ದಾರ ಗೊತ್ತಿರುತ್ತದೆ. ಕೊಳೆಯೆಂದು ನಾವು ಎಳೆದು ಬಿಸಾಡುವ ಆ ದಾರವೇ ಸೀಗಡಿಯ ಕರುಳು. ಒಳಗಿರುವುದು ಅದು ಕೊನೆಯ ಸಲ ತಿಂದ ಊಟ.

ಆ ಊಟ ಏನು ಎಂದು ಕೇಳಿದರೆ, ಸೀಗಡಿಗೆ ಎಷ್ಟು ದಿನವಾಗಿದೆ ಎಂದು ಮೊದಲು ಹೇಳಬೇಕಾಗುತ್ತದೆ.

ತಾಯಿ ಸೀಗಡಿ ರಾತ್ರಿ ಹೊತ್ತು ಕಡಲಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಒಂದು ದಿನ ಕಳೆಯುವುದರೊಳಗೆ ಮರಿ ಹೊರಬರುತ್ತದೆ. ಈ ಮರಿಗೆ ಉಣ್ಣುವ ಬಾಯಿಯೇ ಇಲ್ಲ. ಮೊಟ್ಟೆಯಿಂದ ಹೊತ್ತು ತಂದ ಹಳದಿ ಭಂಡಾರವನ್ನು ಕರಗಿಸಿಕೊಳ್ಳುತ್ತಾ ಎರಡು ದಿನದಲ್ಲಿ ಆರು ಹಂತ ದಾಟುತ್ತದೆ. ಆ ಬುತ್ತಿ ಮುಗಿದ ಕೂಡಲೇ ಬಾಯಿ ತೆರೆಯುತ್ತದೆ. ಆಗ ಬೇಕಾಗುವುದು ಡಯಾಟಮ್ ಎಂಬ ಏಕಕೋಶದ ಪಾಚಿ. ನೀರನ್ನು ಸೋಸಿ ಸೋಸಿ ಹಗಲೂ ರಾತ್ರಿ ಇದನ್ನೇ ತಿನ್ನುತ್ತದೆ. ಮರಿ ಸಾಕುವ ಹ್ಯಾಚರಿಗಳಲ್ಲಿ ಈ ವಯಸ್ಸಿನ ಮರಿಯನ್ನು ಗಾಜಿನ ಬೀಕರಿನಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಹಿಂದೆ ಉದ್ದಕ್ಕೆ ಮಲದ ಎಳೆಯೊಂದು ತೇಲುತ್ತಿದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ. ಎಳೆ ಕಾಣದಿದ್ದರೆ ಪಾಚಿ ಕಡಿಮೆಯಾಗಿದೆ, ಇಲ್ಲವೇ ಮರಿಗೆ ರೋಗ ತಗುಲಿದೆ.

ನಾಲ್ಕೈದು ದಿನ ಕಳೆದರೆ ಅದೇ ಮರಿ ಬೇಟೆಗಾರ. ತಲೆ ಕೆಳಗೆ ಮಾಡಿ, ಹಿಂದಕ್ಕೆ ಜಿಗಿಯುತ್ತಾ ಈಜುವ ಈ ಹಂತಕ್ಕೆ ಮೈಸಿಸ್ ಎಂದು ಹೆಸರು. ಬರೀ ಪಾಚಿ ಈಗ ಸಾಲದು, ಓಡಾಡುವ ಸೂಕ್ಷ್ಮ ಜೀವಿಗಳೂ ಬೇಕು. ಹತ್ತು ಹನ್ನೆರಡು ದಿನಕ್ಕೆ ಅದು ನಾವು ಗುರುತಿಸಬಲ್ಲ ಪುಟ್ಟ ಸೀಗಡಿಯಾಗುತ್ತದೆ. ಭಂಡಾರ, ಪಾಚಿ, ಬೇಟೆ: ಇಷ್ಟು ಬೇಗ ಊಟ ಬದಲಿಸುವ ಮಗುವನ್ನು ಸಾಕುವುದು ಯಾರಿಗಾದರೂ ಕಷ್ಟವೇ.

ಆ ಕಷ್ಟ ಗೆದ್ದವರು ಜಪಾನಿನ ಮೊಟೊಸಾಕು ಫುಜಿನಾಗ. 1930ರ ದಶಕದಲ್ಲಿ ಅವರು ಕುರುಮಾ ಸೀಗಡಿಯಿಂದ ತೊಟ್ಟಿಯಲ್ಲಿ ಮೊಟ್ಟೆ ಇಡಿಸಿದರು. ಮರಿ ಮಾಡಿಸಿದ್ದಕ್ಕಿಂತ ಅವುಗಳ ಬಾಯಿಗೆ ತಕ್ಕ ತುತ್ತು ಹುಡುಕುವುದೇ ದೊಡ್ಡ ಕೆಲಸವಾಯಿತು. ಸ್ಕೆಲೆಟೊನೆಮಾ ಎಂಬ ಡಯಾಟಮನ್ನು ಬೆಳೆಸಿ ಕೊಟ್ಟ ಮೇಲೆ ಮರಿಗಳು ಮುಂದಿನ ಹಂತಕ್ಕೆ ದಾಟಿದವು. 1942ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೇ ಇಂದಿನ ಸೀಗಡಿ ಸಾಕಣೆಯ ಬುನಾದಿ. ಬೇಟೆಯ ಹಂತಕ್ಕೆ ಒದಗಿದ್ದು ಆರ್ಟೀಮಿಯಾ, ಉಪ್ಪು ಸರೋವರಗಳ ಪುಟಾಣಿ ಜೀವಿ. ಅದರ ಒಣ ಮೊಟ್ಟೆ ನೋಡಲು ಕಂದು ಧೂಳಿನಂತಿರುತ್ತದೆ. ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿ ಸಿದ್ಧ. 1970ರ ದಶಕದಲ್ಲಿ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಕೇರಳದ ನಾರಕ್ಕಲ್‌ನಲ್ಲಿ ಸೀಗಡಿ ಮರಿ ಮಾಡುವ ಕೆಲಸಕ್ಕೆ ಇಳಿಯಿತು.

ಪ್ರಯೋಗಾಲಯಕ್ಕೆ ಇಷ್ಟು ಹೆಣಗಾಟ ಬೇಕಾಯಿತು. ಆದರೆ ಉತ್ತರ ಕನ್ನಡ ಕರಾವಳಿಯ ಕುಮಟಾದ ರೈತರು ಮರಿಯನ್ನು ಸಾಕಲೇ ಇಲ್ಲ, ಅದು ಬರುವ ಹೊತ್ತನ್ನು ತಿಳಿದಿದ್ದರು. ಬಲಿತ ಸೀಗಡಿ ಕಡಲಿನದಾದರೂ ಎಳೆಯ ಸೀಗಡಿ ಭರತದ ನೀರಿನೊಂದಿಗೆ ಅಳಿವೆಯೊಳಕ್ಕೆ ಬರುತ್ತದೆ. ಕೆಲವು ತಿಂಗಳು ಅದರ ಊಟ ಅಲ್ಲೇ: ಕೊಳೆಯುವ ಕಾಂಡ್ಲಾ ಮರದ ಎಲೆ, ಹುಲ್ಲು, ಅವುಗಳಿಗೆ ಅಂಟಿದ ಬ್ಯಾಕ್ಟೀರಿಯಾ, ಕೆಸರಿನ ಸಣ್ಣ ಹುಳು. ಅಘನಾಶಿನಿ ಅಳಿವೆಯ ಅಂಚಿನ ಗಜನಿ ಗದ್ದೆಗಳು ಈ ಊಟವನ್ನೇ ಬಡಿಸುತ್ತಿದ್ದವು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ. ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುವ ತಳಿ ಅದು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಿದ್ದರು. ಆಮೇಲೆ ಜಂತ್ರಡಿ ಎಂಬ ತೂಬಿನ ಹಲಗೆ ಎತ್ತಿದರೆ ಭರತದ ನೀರು ಒಳಗೆ ಬರುತ್ತದೆ, ಅದರ ಜೊತೆ ಮೀನು, ಸೀಗಡಿ ಮರಿ. ಕಗ್ಗದ ಹುಲ್ಲು ಉಪ್ಪುನೀರಿನಲ್ಲಿ ಕೊಳೆತು ಅವುಗಳಿಗೆ ಆಹಾರವೂ ಆಗುತ್ತದೆ, ಅಡಗುತಾಣವೂ ಆಗುತ್ತದೆ. ಕಾಸು ಕೊಟ್ಟು ಮರಿ ತರಲಿಲ್ಲ, ಮೇವು ತರಲಿಲ್ಲ. ಅಕ್ಕಿಯೂ ಆಯಿತು, ಸೀಗಡಿಯೂ ಆಯಿತು. ಕರಾವಳಿಯ ಬೇಸಾಯದಲ್ಲಿ ಇದರಷ್ಟು ಜಾಣ ಏರ್ಪಾಟು ಇನ್ನೊಂದನ್ನು ನಾನು ಕಾಣೆ.

ಗಜನಿಯಲ್ಲಿ ಮೈತುಂಬಿಕೊಂಡ ಸೀಗಡಿ ಮತ್ತೆ ಕಡಲಿಗೆ ಹೊರಡುತ್ತದೆ. ಅಲ್ಲಿ ಎಲೆ, ಹುಲ್ಲಿನ ಪಾಲು ಕಡಿಮೆ. ಸಣ್ಣ ಏಡಿ, ಚಿಪ್ಪಿನ ಜೀವಿ, ಹುಳುಗಳೇ ಮುಖ್ಯ. ಗಟ್ಟಿಯಾದದ್ದನ್ನು ಅರೆಯಲು ಅದರ ಹೊಟ್ಟೆಯೊಳಗೇ ಹಲ್ಲಿನಂಥ ಏಣುಗಳಿವೆ.

ಭತ್ತ, ಸೀಗಡಿಯ ಈ ಸರಪಳಿ ತುಂಡಾದದ್ದು ದುರಾಸೆಯಿಂದ. 1990ರ ದಶಕದಲ್ಲಿ ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ದೇಶದ ಕರಾವಳಿಯಲ್ಲೆಲ್ಲ ಹೊಂಡಗಳೆದ್ದವು. ಕುಮಟಾದಲ್ಲೂ ಗಜನಿಗಳು ಗುತ್ತಿಗೆಗೆ ಹೋದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ಭತ್ತ ಬಿತ್ತುವುದೆಲ್ಲಿ? ಬಿಳಿಚುಕ್ಕೆ ರೋಗ ಬಂದು ಸಾಕಿದ ಸೀಗಡಿ ಸತ್ತವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿನ ಸೀಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಕಗ್ಗದ ಬೀಜವೇ ಇಲ್ಲವಾಗಿತ್ತು. ಮಾಣಿಕಟ್ಟಾದಂಥ ಊರುಗಳ ರೈತರು ಅದನ್ನು ಉಳಿಸಿಕೊಂಡಿದ್ದಾರೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಫಲಕ ನಿಲ್ಲಿಸಿದರೆ ಸಾಲದು. ಉಪ್ಪುನೀರು ತಡೆಯುವ, ಈಗ ಒಡೆದಿರುವ ಖಾರ್‌ಲ್ಯಾಂಡ್ ಒಡ್ಡುಗಳನ್ನು ಸರ್ಕಾರ ಕಟ್ಟಿಸಿಕೊಡಲಿ, ಕಗ್ಗ ಬೆಳೆದವರಿಗೆ ಯೋಗ್ಯ ಬೆಲೆ ಕೊಡಲಿ. ಕಡಲಿನಿಂದ ಹಸಿದು ಬರುವ ಮರಿಗೆ ಆ ಹುಲ್ಲು ಬೇಕು.