ನೆನಪಿಗೆ ಕಸರತ್ತು ಮಾಡಿಸಿದರೆ ಸಾಕೇ?

ಮಣಲಿಯಲ್ಲಿ ನಾನು ಕೆಲಸ ಮಾಡುವ ರಾಸಾಯನಿಕ ಘಟಕದಲ್ಲಿ ಒಂದು ನಿಯಮವಿದೆ. ಕಂಟ್ರೋಲ್ ರೂಮಿನಿಂದ ವಾಕಿಟಾಕಿಯಲ್ಲಿ ಸೂಚನೆ ಬಂದರೆ ಅದನ್ನು ತಿರುಗಿ ಹೇಳಿ, ಆಮೇಲೆಯೇ ವಾಲ್ವ್ ಮುಟ್ಟಬೇಕು. ಶಿಫ್ಟ್ ಮುಗಿದಾಗ ಲಾಗ್‌ಬುಕ್ ಬರೆಯಲೇಬೇಕು. ಎಷ್ಟೇ ಅನುಭವಿಯಾದರೂ ‘ನೆನಪಿದೆ ಸಾರ್’ ಎನ್ನುವಂತಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ ಕಡೆಯ ಕುಟುಂಬವೊಂದಿದೆ. ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಚುರುಕು ಹುಡುಗ, ಆದರೆ ಎಡಿಎಚ್‌ಡಿ ಮತ್ತು ಕಲಿಕಾ ತೊಂದರೆ ಎರಡೂ ಇವೆ. “ಅಂಕಲ್, ಸರ್ ಮೂರನೇ ಸ್ಟೆಪ್ ಹೇಳೋವಷ್ಟರಲ್ಲಿ ಮೊದಲನೇದು ಹೋಗಿಬಿಡುತ್ತೆ” ಎನ್ನುತ್ತಾನೆ. ಎರಡು ವಿಷಯಗಳಲ್ಲಿ ಫೇಲಾದ ಮೇಲೆ ಅವನ ತಾಯಿ ಕೇಳಿದರು: “ಕಂಪ್ಯೂಟರ್ ಆಟ ಆಡಿಸಿ ಮೆಮೊರಿ ಹೆಚ್ಚಿಸ್ತಾರಂತೆ. ದುಡ್ಡು ಕಟ್ಟಬಹುದಾ ಅಣ್ಣಾ?”

ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿಟ್ಟುಕೊಂಡೇ ಅದರ ಮೇಲೆ ಕೆಲಸ ಮಾಡುವ ಶಕ್ತಿಗೆ ಮನಶ್ಶಾಸ್ತ್ರಜ್ಞರು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಬಾಯಿಲೆಕ್ಕಕ್ಕೂ, ಪಾಠ ಕೇಳುತ್ತಾ ನೋಟ್ಸ್ ಬರೆಯುವುದಕ್ಕೂ ಬೇಕಾದದ್ದು ಇದೇ. ಇದನ್ನು ಹಿಗ್ಗಿಸಲೆಂದು ಸ್ವೀಡನ್ನಿನ ಟಾರ್ಕೆಲ್ ಕ್ಲಿಂಗ್‌ಬರ್ಗ್ ರೂಪಿಸಿದ ‘ಕಾಗ್‌ಮೆಡ್’ ತರಬೇತಿ ಸುಮಾರು ಐದು ವಾರಗಳದ್ದು. ಇಂಥದೇ ತೊಂದರೆಯಿರುವ 62 ಕಾಲೇಜು ವಿದ್ಯಾರ್ಥಿಗಳ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ನೆನಪಿನ ಪರೀಕ್ಷೆಗಳಲ್ಲಿ ಸುಧಾರಿಸಿದರು. ಮರೆವಿನ ಎಡವಟ್ಟು ಕಡಿಮೆಯಾಗಿದೆ ಎಂದೂ ಹೇಳಿಕೊಂಡರು. ಆದರೆ ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿದ 2013ರ ವಿಶ್ಲೇಷಣೆಯ ಪ್ರಕಾರ, ಇಂಥ ತರಬೇತಿಯ ಲಾಭ ಓದಿಗೂ ಗಣಿತಕ್ಕೂ ದಾಟುವುದಿಲ್ಲ.

1980ರಲ್ಲಿ ಅಮೆರಿಕದ ಸಂಶೋಧಕರು ಒಬ್ಬ ವಿದ್ಯಾರ್ಥಿಯ ಬಗ್ಗೆ ಬರೆದರು. 230 ಗಂಟೆಗೂ ಹೆಚ್ಚಿನ ಅಭ್ಯಾಸದಿಂದ ಅವನು ಒಮ್ಮೆ ಕೇಳಿದ 79 ಅಂಕಿಗಳನ್ನು ಸಾಲಾಗಿ ಹೇಳುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟರೆ ಆರಕ್ಕೇ ನಿಲ್ಲುತ್ತಿದ್ದ. ಬೆಳೆದದ್ದು ಅಂಕಿ ಜೋಡಿಸುವ ಜಾಣ್ಮೆ, ನೆನಪಿನ ಪಾತ್ರೆಯಲ್ಲ.

ಹಾಗಾಗಿ ಆ ತಾಯಿಗೆ ಹೇಳಿದೆ: “ದುಡ್ಡು ಕಟ್ಟೋಕೆ ಅವಸರ ಬೇಡಮ್ಮ. ಮೊದಲು ಅವನ ತಲೆ ಮೇಲಿನ ಹೊರೆ ಇಳಿಸೋಣ.” ಈಗ ಹುಡುಗ ಲ್ಯಾಬಿನಲ್ಲಿ ಹಂತಗಳನ್ನು ಚೀಟಿಯಲ್ಲಿ ಬರೆದು, ಮೇಷ್ಟ್ರಿಗೆ ತಿರುಗಿ ಹೇಳಿ, ಮುಗಿದದ್ದಕ್ಕೆ ಟಿಕ್ ಹಾಕುತ್ತಾನೆ.

ಇನ್ನೊಂದು ದಾರಿ ಕಾನೂನಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ, ಕೇಂದ್ರದ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ಊರು ಬಿಟ್ಟು ಊರಿಗೆ ಹೋಗುವ ನಮ್ಮಂಥವರು ತಿಳಿದಿರಬೇಕಾದ್ದು: ಆ ಪತ್ರ ದೇಶವಿಡೀ ಸಲ್ಲುತ್ತದೆ. ಚೆನ್ನೈನಲ್ಲಿ ಪಡೆದದ್ದು ಬೆಂಗಳೂರಿನಲ್ಲೂ ನಡೆಯುತ್ತದೆ.

“ಜನ ಏನಂತಾರೋ” ಎಂದು ಅವನ ತಂದೆ ಇನ್ನೂ ಅರ್ಜಿ ಹಾಕಿಲ್ಲ. ಲಾಗ್‌ಬುಕ್ ಬರೆಯುವ ಆಪರೇಟರನ್ನು ನಾವು ಯಾರೂ ದಡ್ಡ ಎನ್ನುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಮೊದಲು ಆ ಮಾತನ್ನು ಅವರಿಗೆ ಒಪ್ಪಿಸಬೇಕಿದೆ.